ನನ್ ಹೆಸ್ರು ಬರೀಬ್ಯಾಡ್ರಿ

ಕೋವಿಡ್ ಸೋಂಕಿತರ ಹತ್ತಿರ ಸುಳಿದವರೆಲ್ಲ ಕ್ವಾರಂಟೈನ್ ಆದರೆ ಆಸ್ಪತ್ರೆ ನಡೆಸಲು ಯಾರೂ ಉಳಿಯುವುದಿಲ್ಲ. ಅದಕ್ಕೇ ಕೇಂದ್ರ ಆರೋಗ್ಯ ಸಚಿವಾಲಯ 2020ರ ಮೇ 15ರಂದು ನಮ್ಮಂಥ ಆರೋಗ್ಯ ಕಾರ್ಯಕರ್ತರಿಗೆ ಒಂದು ಗೆರೆ ಎಳೆಯಿತು. ಪಿಪಿಇ ಕಿಟ್ ಸರಿಯಾಗಿ ತೊಟ್ಟಿದ್ದವರು ಪಾಳಿ ಮುಗಿಸಿ ಮನೆಗೆ ಹೋಗಬಹುದಿತ್ತು. ಕಿಟ್ ಹರಿದಿದ್ದರೆ, ಮಾಸ್ಕ್ ಇಲ್ಲದೆ ರೋಗಿಯ 1 ಮೀಟರ್ ಒಳಗೆ 15 ನಿಮಿಷಕ್ಕಿಂತ ಹೆಚ್ಚು ಎದುರುಬದುರಾಗಿ ಇದ್ದರೆ, ಕಫ ಕಣ್ಣಿಗೋ ಬಾಯಿಗೋ ಸಿಡಿದರೆ ಅದು ಹೈ ರಿಸ್ಕ್. ಅಂಥವರಿಗೆ 14 ದಿನ ಕ್ವಾರಂಟೈನ್. ಜೂನ್ 18ರಂದು ಅದನ್ನು ಮೊದಲಿಗೆ ಒಂದು ವಾರಕ್ಕೆ ಇಳಿಸಿ, ಎರಡನೇ ವಾರದ ತೀರ್ಮಾನವನ್ನು ವಿಭಾಗದ ಮುಖ್ಯಸ್ಥರಿಗೆ ಬಿಟ್ಟರು. ರೋಗಲಕ್ಷಣ ಸಾಮಾನ್ಯವಾಗಿ ಐದಾರು ದಿನಕ್ಕೆ ಕಾಣುತ್ತಿತ್ತು. ಮುಟ್ಟಿದ ಮರುದಿನವೇ ಟೆಸ್ಟ್ ಮಾಡಿಸಿ ನೆಗೆಟಿವ್ ಬಂದರೆ ಅದನ್ನು ನಂಬುವ ಹಾಗಿರಲಿಲ್ಲ. 5ರಿಂದ 10ನೇ ದಿನದೊಳಗೆ ಮಾಡಿಸಬೇಕಿತ್ತು.

ವೈದ್ಯಕೀಯವಾಗಿ ಇದು ಒಳ್ಳೆಯ ನಿಯಮವೇ ಆಗಿತ್ತು. ಕುರುಗೋಡಿನಿಂದ ಬಳ್ಳಾರಿಗೆ ಓಡಾಡುತ್ತಿದ್ದ ಸ್ಟಾಫ್ ನರ್ಸ್ ನಾನು, ವಾರ್ಡಿನ ಸಂಪರ್ಕಿತರ ಪಟ್ಟಿ ಬರೆಯುತ್ತಿದ್ದವಳು. ಆದರೆ ಬಳ್ಳಾರಿಯ ಮೇ ಬಿಸಿಲಿನಲ್ಲಿ ಕಿಟ್ ಒಳಗೆ ಬೆವರು ಇಳಿಯುತ್ತದೆ, ಗಾಗಲ್ಸ್ ಮಂಜಾಗುತ್ತದೆ, ಕೈ ತಾನಾಗಿ ಮುಖಕ್ಕೆ ಹೋಗುತ್ತದೆ. ನಮಗಾದರೂ ಕಿಟ್ ಇತ್ತು. ಸಿರುಗುಪ್ಪ ಕಡೆಯ ಗುತ್ತಿಗೆ ಸ್ವಚ್ಛತಾ ಕೆಲಸಗಾರ್ತಿಯೊಬ್ಬಳು ಬರೀ ಬಟ್ಟೆ ಮಾಸ್ಕ್ ಕಟ್ಟಿಕೊಂಡು ರೋಗಿಯ ವಾಂತಿ ಬಳಿದಿದ್ದಳು. ಸಂಜೆ ಆ ರೋಗಿಯ ವರದಿ ಪಾಸಿಟಿವ್ ಬಂತು.

"ಅಕ್ಕಾ, ನನ್ ಹೆಸ್ರು ಬರೀಬ್ಯಾಡ್ರಿ. ಹದಿನಾಕು ದಿನ ಕುಂತ್ರ ಸಂಬ್ಳ ಯಾರು ಕೊಡ್ತಾರ?"

ಬರೆಯದೆ ಬಿಡುವಂತಿರಲಿಲ್ಲ, ಬರೆದೆ. ಗುತ್ತಿಗೆದಾರ ಅಷ್ಟೂ ದಿನದ ಕೂಲಿ ಹಿಡಿದ. ಅವಳಿಗೆ ಸೋಂಕು ತಗಲಿರಲಿಲ್ಲ. ಆದರೆ ಅಂದಿನಿಂದ ಅವಳ ಜೊತೆಯವರು ಎಲ್ಲಿ, ಯಾರನ್ನು ಮುಟ್ಟಿದೆವು ಎಂದು ನನಗೆ ಹೇಳುವುದನ್ನೇ ಬಿಟ್ಟರು. ಕೂಲಿ ಇಲ್ಲದ ಕ್ವಾರಂಟೈನ್ ಜನರ ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿದರೆ ರೋಗ ಹಬ್ಬುತ್ತದೆ.

ಜುಲೈ 31ರಂದು ಸುಪ್ರೀಂ ಕೋರ್ಟ್, ಆರೋಗ್ಯ ಕಾರ್ಯಕರ್ತರ ಕ್ವಾರಂಟೈನ್ ಅವಧಿಯನ್ನು ರಜೆಯೆನ್ನದೆ ಕರ್ತವ್ಯವೆಂದೇ ಪರಿಗಣಿಸಬೇಕೆಂದು ಕೇಂದ್ರಕ್ಕೆ ಹೇಳಿತು. ಓದಿ ಸಮಾಧಾನವಾಯಿತು; ಆದರೆ ದಿನಗೂಲಿಯವಳ ಕೈಗೆ ಅದು ಹೇಗೆ ಮುಟ್ಟಬೇಕು? ಈ ಪ್ರಶ್ನೆ ಗುತ್ತಿಗೆಯವರದ್ದಷ್ಟೇ ಅಲ್ಲ. ಸಿರುಗುಪ್ಪದ ನನ್ನ ನಾದಿನಿ ಆಶಾ ಕಾರ್ಯಕರ್ತೆ. ಮನೆಮನೆ ಸುತ್ತಿ ಜ್ವರ ವಿಚಾರಿಸಿದವಳು. ರಾಜ್ಯದ ಆಶಾಗಳು 12,000 ರೂಪಾಯಿ ಗೌರವಧನ, ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರಕ್ಕೆ ಇಳಿದದ್ದು ಅದೇ ಜುಲೈ 10ರಂದು. ಆಸ್ಪತ್ರೆಯ ಹೊರಗೂ ಇದೇ ಪ್ರಶ್ನೆ: ಜೂನ್‌ನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೌಕರರಲ್ಲಿ ಸೋಂಕು ಹಬ್ಬಿತ್ತು. ಕುಲುಮೆ ಆರಿಸಿ ಎಲ್ಲರೂ ಮನೆಗೆ ಹೋಗುವ ಕೆಲಸವಲ್ಲ ಅದು. ಇಂಗ್ಲೆಂಡಿನಲ್ಲಿ ಸರ್ಕಾರ, ಪ್ರತ್ಯೇಕವಾಗಿರಿ ಎಂದು ತಾನೇ ಹೇಳಿದ ಕಡಿಮೆ ಆದಾಯದವರಿಗೆ ಸೆಪ್ಟೆಂಬರ್ 28ರಿಂದ 500 ಪೌಂಡ್ ಕೊಡತೊಡಗಿತು. ಅಲ್ಲೂ ತಡವೇ, ಆದರೂ ಕೊಟ್ಟರು.

ಮುಂದೆ ಇಂಥ ಕಾಲ ಬಂದರೆ ಸಂಪರ್ಕಿತರ ಫಾರಂನಲ್ಲಿ ಹೆಸರು, ಎಷ್ಟು ಹೊತ್ತು, ಎಷ್ಟು ದೂರ ಎಂಬುದರ ಪಕ್ಕದಲ್ಲೇ ಆ ದಿನಗಳ ಕೂಲಿ ಯಾರು ಕೊಡುತ್ತಾರೆ ಎಂಬ ಕಾಲಮ್ಮೂ ಇರಲಿ. ಅದು ಖಾಲಿ ಇದ್ದರೆ ವೈದ್ಯಾಧಿಕಾರಿ ಸಹಿ ಹಾಕಕೂಡದು.