ಬೆನ್ನು ತೋರಿಸದ ಮೇಷ್ಟ್ರು



ಈ ಲೇಖನವನ್ನು ನಿಮ್ಮಲ್ಲಿ ಕೆಲವರು ಸ್ವತಃ ಓದುತ್ತಿರಬಹುದು. ಇನ್ನು ಕೆಲವರು ಅಮ್ಮನಿಂದಲೋ ಅಜ್ಜನಿಂದಲೋ ಓದಿಸಿಕೊಂಡು ಕೇಳುತ್ತಿರಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಮನೆಯಲ್ಲಿ ಕನ್ನಡ ಮಾತು ಸಿಕ್ಕಿತು. ಶಾಲೆಯಲ್ಲಿ ಕನ್ನಡ ಅಕ್ಷರ ಸಿಗಲಿಲ್ಲ. ಕಿವಿಗೆ ಪರಿಚಿತವಾದ ಭಾಷೆ ಕಣ್ಣಿಗೆ ಅಪರಿಚಿತವಾಗಿಯೇ ಉಳಿಯಿತು. ಈ ಕೊರತೆಯನ್ನು ನೀಗಿಸಲು ನೆರವಾಗಬಲ್ಲ ಒಂದು ಸಾಧನವನ್ನು ನಿಮಗೆ ಪರಿಚಯಿಸುವುದೇ ಈ ಬರಹದ ಉದ್ದೇಶ. ವಿಶೇಷವೆಂದರೆ, ಅದನ್ನು ಕಟ್ಟಬಲ್ಲವರು ನೀವು. ಅದರ ಹಿಂದೆ ನಿಂತು ಕಲಿಸಬಲ್ಲವರು ನಿಮ್ಮ ಮನೆಯ ಹಿರಿಯರು.

ನಿಮ್ಮ ಶಾಲೆಯ ತರಗತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮೇಷ್ಟ್ರು ಹಲಗೆಯ ಮೇಲೆ ಬರೆಯುವಾಗ ನಮಗೆ ಕಾಣುವುದು ಅವರ ಬೆನ್ನು ಮಾತ್ರ. ಬರೆದು ಮುಗಿಸಿ ಪಕ್ಕಕ್ಕೆ ಸರಿದ ಮೇಲೆಯೇ ಅಕ್ಷರ ಕಾಣುತ್ತದೆ. ಏನು ಬರೆದರು ಎಂಬುದು ಗೊತ್ತಾಗುತ್ತದೆ, ಹೇಗೆ ಬರೆದರು ಎಂಬುದು ಗೊತ್ತಾಗುವುದಿಲ್ಲ. ಲೆಕ್ಕದ ಪಾಠಕ್ಕೆ ಇದು ದೊಡ್ಡ ತೊಂದರೆಯಲ್ಲ. ಆದರೆ ಕನ್ನಡದ ದುಂಡಕ್ಷರಗಳನ್ನು ಕಲಿಯುವವನಿಗೆ ಗೆರೆ ಎಲ್ಲಿ ಶುರುವಾಯಿತು, ಯಾವ ಕಡೆಗೆ ತಿರುಗಿತು, ಎಲ್ಲಿ ನಿಂತಿತು ಎಂಬುದೇ ಮುಖ್ಯ. ಅದಕ್ಕೇ ನಮ್ಮ ಹಿರಿಯರು ‘ಅಕ್ಷರ ತಿದ್ದುವುದು’ ಎಂದರು. ಅಕ್ಕಿಯ ಮೇಲೋ ಮರಳಿನ ಮೇಲೋ ಮಗುವಿನ ಬೆರಳು ಹಿಡಿದು ತಿದ್ದಿಸಿದರು. ಬೆರಳು ಹಿಡಿಯುವವರು ದೂರದಲ್ಲಿದ್ದಾಗ ಏನು ಮಾಡುವುದು?

ಏನಿದು ಬೆಳಕಿನ ಹಲಗೆ?

ಒಂದು ದೊಡ್ಡ ಗಾಜಿನ ಹಲಗೆ. ಅದರ ಅಂಚಿನುದ್ದಕ್ಕೂ ಪುಟ್ಟ ಎಲ್‌ಇಡಿ ದೀಪಗಳ ಪಟ್ಟಿ. ಗಾಜಿನ ಒಂದು ಬದಿಗೆ ಶಿಕ್ಷಕರು, ಇನ್ನೊಂದು ಬದಿಗೆ ಕ್ಯಾಮರಾ. ಶಿಕ್ಷಕರು ಹೊಳೆಯುವ ಬಣ್ಣದ ಮಾರ್ಕರ್ ಪೆನ್ನಿನಿಂದ ಗಾಜಿನ ಮೇಲೆ ಬರೆಯುತ್ತಾ ಹೋದಂತೆ ಅಕ್ಷರಗಳು ಗಾಳಿಯಲ್ಲಿ ತೇಲುವ ದೀಪಗಳಂತೆ ಬೆಳಗುತ್ತವೆ. ಅವುಗಳ ಹಿಂದೆ ಶಿಕ್ಷಕರ ಮುಖ, ನೋಟ, ನಗು, ಕೈಬೆರಳು ಎಲ್ಲವೂ ಕಾಣುತ್ತವೆ. ಅವರು ಬರೆಯುವಾಗಲೂ ನಿಮ್ಮ ಕಡೆಗೇ ಮುಖ ಮಾಡಿರುತ್ತಾರೆ. ಕೈ ಅಕ್ಷರದ ಹಿಂದೆ ಇರುವುದರಿಂದ ಒಂದು ಗೆರೆಯೂ ಮರೆಯಾಗುವುದಿಲ್ಲ.

ಅಮೆರಿಕದ ಶಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾದ ಮೈಕೆಲ್ ಪೆಶ್ಕಿನ್ 2013ರ ಸುಮಾರಿಗೆ ಇದನ್ನು ತಮ್ಮ ಪಾಠಗಳಿಗಾಗಿ ರೂಪಿಸಿ ‘ಲೈಟ್‌ಬೋರ್ಡ್’ ಎಂದು ಕರೆದರು. ಅದರ ವಿನ್ಯಾಸವನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳದೆ, ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಮುಕ್ತವಾಗಿ ಬಿಟ್ಟುಕೊಟ್ಟರು. ಸುಮಾರು ಅದೇ ಕಾಲದಲ್ಲಿ ಸ್ಯಾನ್ ಡಿಯೆಗೋ ಸ್ಟೇಟ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಮ್ಯಾಟ್ ಆಂಡರ್ಸನ್ ಇಂಥದ್ದೇ ಹಲಗೆಯನ್ನು ‘ಲರ್ನಿಂಗ್ ಗ್ಲಾಸ್’ ಎಂಬ ಹೆಸರಿನಲ್ಲಿ ಬಳಕೆಗೆ ತಂದರು. ಗಾಜಿನ ಮೂಲಕ ಕಲಾವಿದನ ಕೈಯನ್ನು ಚಿತ್ರೀಕರಿಸುವ ಉಪಾಯ ಮಾತ್ರ ಇನ್ನೂ ಹಳೆಯದು. 1949ರಷ್ಟು ಹಿಂದೆಯೇ ಬೆಲ್ಜಿಯಂನ ಪಾಲ್ ಹೇಸಾರ್ಟ್ಸ್ ತಮ್ಮ ಸಾಕ್ಷ್ಯಚಿತ್ರದಲ್ಲಿ ಪಿಕಾಸೋ ಗಾಜಿನ ಮೇಲೆ ಚಿತ್ರ ಬಿಡಿಸುವುದನ್ನು ಆಚೆ ಬದಿಯಿಂದ ತೋರಿಸಿದ್ದರು.

ಗಾಜಿನೊಳಗೆ ಸೆರೆಯಾದ ಬೆಳಕು

ಅಕ್ಷರ ಮಾತ್ರ ಬೆಳಗಿ ಗಾಜು ಏಕೆ ಬೆಳಗುವುದಿಲ್ಲ? ಹನ್ನೆರಡನೆಯ ತರಗತಿಯಲ್ಲಿ ‘ಟೋಟಲ್ ಇಂಟರ್ನಲ್ ರಿಫ್ಲೆಕ್ಷನ್’ ಎಂದು ಓದಿದ್ದೀರಲ್ಲ, ಅದೇ ಇಲ್ಲಿಯ ಗುಟ್ಟು. ಕನ್ನಡದಲ್ಲಿ ಇದನ್ನು ಪೂರ್ಣ ಆಂತರಿಕ ಪ್ರತಿಫಲನ ಎನ್ನುತ್ತೇವೆ. ಗಾಜಿನೊಳಗಿನ ಬೆಳಕು ಮೇಲ್ಮೈಯ ಲಂಬದಿಂದ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದು ತಾಗಿದರೆ ಹೊರಗೆ ದಾಟಲಾರದು. ಮತ್ತೆ ಒಳಕ್ಕೇ ಪುಟಿಯುತ್ತದೆ. ಅಂಚಿನಿಂದ ನುಗ್ಗಿದ ಕಿರಣಗಳು ಹಲಗೆಯ ಮುಖಕ್ಕೆ ತಾಗುವುದು ಸುಮಾರು 48 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಓರೆಯಾಗಿ. ಹಾಗಾಗಿ ಅವು ಎರಡು ಮುಖಗಳ ನಡುವೆ ಪುಟಿಯುತ್ತಾ ಸೆರೆಯಲ್ಲೇ ಸಾಗುತ್ತವೆ. ನೀವು ಪೆನ್ನಿನಿಂದ ಗೆರೆ ಎಳೆದ ಕಡೆ ಶಾಯಿ ಗಾಜಿಗೆ ಅಂಟಿಕೊಂಡು ಸೆರೆಮನೆಗೊಂದು ಬಾಗಿಲು ತೆರೆಯುತ್ತದೆ. ಬೆಳಕು ಅಲ್ಲಿಂದ ಹೊರಗೆ ಚೆಲ್ಲುತ್ತದೆ. ಫ್ಲೋರೆಸೆಂಟ್ ಶಾಯಿಯಾದರೆ ದೀಪದ ನೀಲಿ ಅಂಶವನ್ನು ಹೀರಿ ಹಸಿರು, ಕಿತ್ತಳೆ, ಗುಲಾಬಿ ಬಣ್ಣಗಳಾಗಿ ಮರಳಿಸುವುದರಿಂದ ಹೊಳಪು ಇನ್ನೂ ಹೆಚ್ಚು. ಆಪ್ಟಿಕಲ್ ಫೈಬರಿನ ಕೂದಲೆಳೆಯಂಥ ಗಾಜಿನಲ್ಲಿ ನಿಮ್ಮ ಇಂಟರ್ನೆಟ್ ಹರಿದುಬರುವುದೂ ಇದೇ ತತ್ತ್ವದಿಂದ.

ಈ ತತ್ತ್ವಕ್ಕೆ ಒಂದು ತುಂಟತನವೂ ಇದೆ. ಶಾಯಿಯಂತೆಯೇ ಎಣ್ಣೆಗೈಯ ಗುರುತು, ಧೂಳು, ಗೀರುಗಳೂ ಬೆಳಗುತ್ತವೆ! ಚಕ್ಕುಲಿ ತಿಂದ ಕೈಯಲ್ಲಿ ಗಾಜು ಮುಟ್ಟಿದವರ ಗುಟ್ಟು ವಿಡಿಯೋದಲ್ಲಿ ರಟ್ಟಾಗುವುದು ಖಂಡಿತ.

ತಿರುಗುಮುರುಗಾಗುವ ಅಕ್ಷರ

“ಗಾಜಿನ ಆಚೆಯಿಂದ ನೋಡಿದರೆ ಅಕ್ಷರ ಉಲ್ಟಾ ಕಾಣುವುದಿಲ್ಲವೇ?” ಎಂದು ನೀವು ಕೇಳಬಹುದು. ಖಂಡಿತ ಕಾಣುತ್ತದೆ. ಶಿಕ್ಷಕರು ಉಲ್ಟಾ ಬರೆಯುವ ಸರ್ಕಸ್ಸನ್ನೇನೂ ಮಾಡುವುದಿಲ್ಲ. ಅವರು ತಮ್ಮ ಪಾಡಿಗೆ ನೇರವಾಗಿಯೇ ಬರೆಯುತ್ತಾರೆ. ಆಮೇಲೆ ಚಿತ್ರವನ್ನು ಎಡಬಲ ತಿರುಗಿಸಿದರಾಯಿತು. ಕ್ಯಾಮರಾದ ಮುಂದೆ ಕನ್ನಡಿ ಇಟ್ಟು ಅದರ ಪ್ರತಿಬಿಂಬವನ್ನು ಚಿತ್ರೀಕರಿಸುವುದು ಒಂದು ದಾರಿ. ಓಬಿಎಸ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ತಿರುಗಿಸುವುದು ಇನ್ನೊಂದು, ಅದೇ ಸುಲಭ.

ಆದರೆ ತಿರುಗುವುದು ಅಕ್ಷರ ಒಂದೇ ಅಲ್ಲ, ಇಡೀ ಚಿತ್ರವೇ. ಬಲಗೈಯವರು ಎಡಗೈಯವರಾಗುತ್ತಾರೆ. ಅಂಗಿಯ ಜೇಬು ಬಲಕ್ಕೆ ಹೋಗುತ್ತದೆ. ಅಜ್ಜಿಯ ಎಡಭುಜದ ಸೆರಗು ಬಲಭುಜಕ್ಕೇರುತ್ತದೆ. ಮೂಗುಬೊಟ್ಟು ಆಚೆ ಬದಿಗೆ ಹಾರುತ್ತದೆ. ಇದರಿಂದ ಪಾಠಕ್ಕೇನೂ ಬಾಧಕವಿಲ್ಲ. ಗೆರೆಗಳು ಎಡದಿಂದ ಬಲಕ್ಕೆ ಸರಿಯಾಗಿಯೇ ಸಾಗುತ್ತವೆ. ಅಕ್ಷರ ಅಚ್ಚಾದ ಟೀ ಶರ್ಟನ್ನು ಮಾತ್ರ ತೊಡಬೇಡಿ.

ಕಟ್ಟುವುದು ಹೇಗೆ?

ಮೂರಡಿ ಎತ್ತರ, ನಾಲ್ಕಡಿ ಅಗಲದ ಹಲಗೆ ನಮ್ಮ ಕೆಲಸಕ್ಕೆ ಸಾಕು. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಅಂಚಿನಿಂದ ಬಂದ ಬೆಳಕು ಹಸಿರಾಗಿ ಮಂಕಾಗುತ್ತದೆ. ಅದಕ್ಕೇ ಗಾಜಿನಂಗಡಿಯಲ್ಲಿ ‘ಎಕ್ಸ್‌ಟ್ರಾ ಕ್ಲಿಯರ್’ ಗಾಜನ್ನೇ ಕೇಳಿ. 10 ಮಿಲಿಮೀಟರ್ ದಪ್ಪವಿರಲಿ. ಒಡೆದರೆ ಅಪಾಯವಾಗದಂತೆ ಟಫನ್ ಮಾಡಿಸಿದ್ದೇ ಆಗಬೇಕು. ಅಳತೆಗೆ ಕತ್ತರಿಸುವುದು, ಅಂಚಿಗೆ ಪಾಲಿಶ್ ಹಿಡಿಸುವುದು, ಎಲ್ಲವೂ ಟಫನ್ ಮಾಡುವ ಮೊದಲೇ ಮುಗಿಯಬೇಕು. ಆಮೇಲೆ ಆ ಗಾಜನ್ನು ಕತ್ತರಿಸಲು ಬರುವುದಿಲ್ಲ.

ಇಷ್ಟು ಗಾಜು ಸುಮಾರು 28 ಕಿಲೋ ತೂಗುತ್ತದೆ. ಆದ್ದರಿಂದ ಚೌಕಟ್ಟಿನಲ್ಲಿ ಜಿಪುಣತನ ಬೇಡ. ಅಲ್ಯುಮಿನಿಯಂ ಕಿಟಕಿ ಮಾಡುವವರಿಂದ ಅಗಲ ಕಾಲಿನ, ಅಲುಗಾಡದ ಸ್ಟ್ಯಾಂಡ್ ಮಾಡಿಸಿ. ಗಾಜು ಕೂರುವ ಕಡೆ ರಬ್ಬರ್ ಪಟ್ಟಿ ಹಾಕಿಸಿ. ಅಂಚಿಗೆ 12 ವೋಲ್ಟಿನ ಬಿಳಿ ಎಲ್‌ಇಡಿ ಪಟ್ಟಿ ಹೊಂದಿಸಿ, ದೀಪ ನೇರವಾಗಿ ಕ್ಯಾಮರಾಕ್ಕೆ ಕಾಣದಂತೆ ಮುಚ್ಚಿ. ಗಾಜಿನ ಬದಲು ಅಕ್ರಿಲಿಕ್ ಹಾಳೆಯನ್ನೂ ಬಳಸಬಹುದು. ತೂಕ ಅರ್ಧಕ್ಕಿಂತ ಕಡಿಮೆ, ಆದರೆ ಒರೆಸಿ ಒರೆಸಿ ಬೇಗ ಗೀರು ಬೀಳುತ್ತದೆ.

ಇನ್ನು ಕೋಣೆ. ಶಿಕ್ಷಕರ ಹಿಂದೆ ಕಪ್ಪು ಪರದೆ ಇರಲಿ. ಕ್ಯಾಮರಾದ ಬದಿಯೂ ಕತ್ತಲಾಗಿರಬೇಕು. ಇಲ್ಲದಿದ್ದರೆ ಗಾಜು ಕನ್ನಡಿಯಾಗಿ ಕ್ಯಾಮರಾವನ್ನೂ ನಿಮ್ಮನ್ನೂ ತೋರಿಸಿಬಿಡುತ್ತದೆ. ಶಿಕ್ಷಕರ ಮುಖದ ಮೇಲೆ ಎರಡೂ ಪಕ್ಕಗಳಿಂದ ಮೆತ್ತಗಿನ ಬೆಳಕು ಬೀಳಲಿ. ಕಡುನೀಲಿಯೋ ಕಂದೋ ಒಂದೇ ಬಣ್ಣದ ಉಡುಪು ಒಳ್ಳೆಯದು. ಅಚ್ಚ ಕಪ್ಪು ತೊಟ್ಟರೆ ಪರದೆಯಲ್ಲಿ ಮೈ ಕರಗಿ ತಲೆಯೊಂದೇ ತೇಲಾಡುತ್ತದೆ! ಒಳ್ಳೆಯ ಮೊಬೈಲ್ ಫೋನಿನ ಕ್ಯಾಮರಾ ಸಾಕು. ಫೋಕಸ್ಸನ್ನು ಗಾಜಿನ ಮೇಲೆ ನಿಲ್ಲಿಸಿ ಲಾಕ್ ಮಾಡಿ. ಧ್ವನಿಗೆ ಕಾಲರ್ ಮೈಕ್ ಬೇಕೇಬೇಕು. ಫ್ಯಾನ್ ಆರಿಸಿ, ಪಕ್ಕದ ಮನೆಯ ಕುಕ್ಕರ್ ನಾಲ್ಕು ಸೀಟಿ ಹಾಕಿ ಮುಗಿಸುವವರೆಗೆ ಕಾದು ಶುರುಮಾಡಿ.

ಈ ಹಲಗೆ ಎಲ್ಲದಕ್ಕೂ ಮದ್ದಲ್ಲ. ಐದಾರು ಸಾಲು ಬರೆದರೆ ತುಂಬಿಹೋಗುತ್ತದೆ. ಕಥೆ ಹೇಳುವುದಕ್ಕೆ, ಪದ್ಯ ವಿವರಿಸುವುದಕ್ಕೆ ಇದು ಬೇಕಿಲ್ಲ. ಬರೆಯುತ್ತಾ ವಿವರಿಸಬೇಕಾದ ಪಾಠ, ಐದು ನಿಮಿಷದ ಒಳಗೆ ಮುಗಿಯುವ ಪಾಠ: ಅಂಥದ್ದಕ್ಕೆ ಇದು ಹೇಳಿ ಮಾಡಿಸಿದಂತಿದೆ. ಕನ್ನಡದ ಅಕ್ಷರಪಾಠ ಅಂಥದ್ದೇ.

ನಮಗೆ ಬೇಕಾದ ಪಾಠ ಯಾವುದು?

ಕನ್ನಡ ವರ್ಣಮಾಲೆ ಕಲಿಸುವ ವಿಡಿಯೋಗಳು ಈಗಾಗಲೇ ಬೇಕಾದಷ್ಟಿವೆಯಲ್ಲ, ನಾವೇಕೆ ಮಾಡಬೇಕು? ಈ ಪ್ರಶ್ನೆಗೆ ಉತ್ತರ ನಿಮ್ಮ ಊರಿನಲ್ಲೇ ಇದೆ. ಕರ್ನಾಟಕದ ಮಗು ಅಂಗಡಿ ಬೋರ್ಡು, ಬಸ್ಸಿನ ಹಣೆಪಟ್ಟಿಗಳಲ್ಲಿ ಕನ್ನಡ ನೋಡುತ್ತಲೇ ಬೆಳೆಯುತ್ತದೆ. ನೀವು ಬೇರೊಂದು ಲಿಪಿಯನ್ನು ಮೊದಲು ಕಲಿತು ಅದರ ಮೂಲಕ ಕನ್ನಡಕ್ಕೆ ಬರುವವರು. ನಿಮ್ಮ ತೊಡಕುಗಳೇ ಬೇರೆ.

ಮುಂಬಯಿ, ಪುಣೆ, ದೆಹಲಿಯ ಮಕ್ಕಳಿಗೆ ದೇವನಾಗರಿ ಬರುತ್ತದೆ. ಶಾಲೆಯಲ್ಲಿ ಕಲಿತ ಹಿಂದಿ, ಮರಾಠಿ ಬರಹದಲ್ಲಿ ಎ ಮತ್ತು ಏ, ಒ ಮತ್ತು ಓ ಎಂಬ ಭೇದವಿಲ್ಲ. ಹೀಗಾಗಿ ಹೊಲದ ‘ಬೆಳೆ’ಗೂ ಸಾರಿನ ‘ಬೇಳೆ’ಗೂ ಗೊಂದಲ. ಮರಾಠಿ ಬಲ್ಲವರಿಗೆ ‘ಳ’ ಸಲೀಸು. ಹಿಂದಿ ಮಾತ್ರ ಬಲ್ಲವರಿಗೆ ಅದೇ ಕಷ್ಟ. ಚೆನ್ನೈ ಮಕ್ಕಳಿಗೆ ಎ-ಏ ತೊಂದರೆ ಇಲ್ಲ, ಆದರೆ ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಅವರಿಗೆ ಅಲ್ಪಪ್ರಾಣ, ಮಹಾಪ್ರಾಣ ಬಿಡಿಸಿ ಹೇಳಬೇಕು. ‘ದ’ದ ಹೊಟ್ಟೆ ಸೀಳಿದರೆ ‘ಧ’, ‘ಬ’ದ ಹೊಟ್ಟೆ ಸೀಳಿದರೆ ‘ಭ’ ಎಂದು ತೋರಿಸಬೇಕು. ಹೈದರಾಬಾದಿನವರಿಗೆ ತೆಲುಗು ಬಂದರೆ ಅರ್ಧ ಕನ್ನಡ ಬಂದಂತೆಯೇ. ತಲೆಕಟ್ಟಿನ ವ್ಯತ್ಯಾಸವೊಂದನ್ನು ಹೇಳಿಕೊಟ್ಟರೆ ಓಟ ಶುರು.

ಎಲ್ಲರಿಗೂ ಸಮಾನವಾದ ಗುಡ್ಡವೆಂದರೆ ಒತ್ತಕ್ಷರ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ! ಮನೆಯವರನ್ನು ಕರೆಯುವ ಮೊದಲ ಮಾತುಗಳನ್ನು ಬರೆಯುವುದಕ್ಕೇ ಒತ್ತಕ್ಷರ ಬೇಕು. ‘ಮ’ಕ್ಕೂ ಅದರ ಒತ್ತಿಗೂ ರೂಪದಲ್ಲಿ ಹೋಲಿಕೆಯೇ ಇಲ್ಲ. ತ, ನ, ಯ, ರ, ಲ ಒತ್ತುಗಳ ಕಥೆಯೂ ಅಷ್ಟೇ. ‘ಸೂರ್ಯ’, ‘ಕರ್ಮ’ ಎನ್ನುವಾಗ ಮೊದಲು ಉಚ್ಚರಿಸಿದ ರೇಫ ಅರ್ಕಾವೊತ್ತಾಗಿ ಅಕ್ಷರದ ಬಲಕ್ಕೆ ಹೋಗಿ ಕೂರುತ್ತದೆ. ದೇವನಾಗರಿಯಲ್ಲಿ ಅದೇ ರೇಫ ಅಕ್ಷರದ ತಲೆಯೇರುತ್ತದೆ. ಬಾಯಿ ಏನು ಹೇಳುತ್ತಿದೆ, ಅದೇ ಗಳಿಗೆಯಲ್ಲಿ ಕೈ ಎಲ್ಲಿಗೆ ಹೋಗುತ್ತಿದೆ ಎಂದು ಎರಡನ್ನೂ ಒಂದೇ ನೋಟದಲ್ಲಿ ಕಾಣಬೇಕಾದ ಪಾಠವಿದು. ಗಾಜಿನ ಹಲಗೆಯಲ್ಲಿ ಎರಡೂ ಒಟ್ಟಿಗೇ ಕಾಣುತ್ತವೆ.

ಹಿರಿಯರ ಕೈ, ನಿಮ್ಮ ಕ್ಯಾಮರಾ

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ನೀವು ಮನೆಯಲ್ಲಿ ಕೇಳಿರಬಹುದು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ರಾತ್ರಿ ಅಲ್ಲಿ ಓದಿ ಮುಂದೆ ಬಂದರು. ದಣಿದು ತೂಕಡಿಸುವ ಹುಡುಗರಿಗೆ ಅಕ್ಷರ ಕಲಿಸುವ ಕಲೆ ಅಲ್ಲಿಯ ಶಿಕ್ಷಕ ಶಿಕ್ಷಕಿಯರಿಗೆ ಕರಗತವಾಗಿತ್ತು. ಅಂಥವರಲ್ಲಿ ಅನೇಕರು ಇಂದು ವೃದ್ಧರು. ಅವರ ದುಂಡಕ್ಷರವನ್ನು ಹಳೆಯ ಪತ್ರಗಳಲ್ಲಿ ನೋಡಬಹುದು. ಆ ಅಕ್ಷರ ಮೂಡುವ ಬಗೆಯನ್ನು ಪತ್ರ ತೋರಿಸಲಾರದು. ಅದಕ್ಕೆ ಅವರ ಕೈಯೇ ಬೇಕು, ಆ ಕೈ ನಡುಗದೆ ಇರುವಾಗಲೇ ಬೇಕು.

ಆದ್ದರಿಂದ ಕಾಲಹರಣ ಬೇಡ. ನಿಮ್ಮ ಸಂಘದ ಯುವ ವಿಭಾಗದ ನಾಲ್ಕೈದು ಮಂದಿ ಸೇರಿ. ಒಬ್ಬರು ಗಾಜು, ಚೌಕಟ್ಟು ನೋಡಿಕೊಳ್ಳಲಿ. ಒಬ್ಬರು ಕ್ಯಾಮರಾ, ಇನ್ನೊಬ್ಬರು ಸಂಕಲನ. ಮತ್ತೊಬ್ಬರು ಹಿರಿಯ ಶಿಕ್ಷಕರ ಮನೆಗೆ ಹೋಗಿ, “ಮೇಷ್ಟ್ರೇ, ನೀವು ಬರಬೇಕು” ಎಂದು ಗೌರವದಿಂದ ಆಹ್ವಾನಿಸಲಿ. ಕರೆತಂದು, ಮರಳಿ ಮನೆ ತಲುಪಿಸುವ ಹೊಣೆಯೂ ಅವರದೇ. ನಿಂತು ಬರೆಯಲಾಗದವರಿಗೆ ಎತ್ತರದ ಕುರ್ಚಿ ಹಾಕಿ. ಅಕ್ಷರ ಬಾರದ ನಿಮ್ಮ ತಂಗಿಯನ್ನೋ ತಮ್ಮನನ್ನೋ ಪಕ್ಕದಲ್ಲಿ ನಿಲ್ಲಿಸಿ. ಅವರು ಕೇಳುವ ಪ್ರಶ್ನೆಯೇ ಪಾಠಕ್ಕೆ ಜೀವ ತುಂಬುತ್ತದೆ. ವರ್ಣಮಾಲೆಯಲ್ಲಿರುವುದು 49 ಅಕ್ಷರ. ಭಾನುವಾರಕ್ಕೆ ಎರಡರಂತೆ ಹಿಡಿದರೂ ಆರು ತಿಂಗಳೊಳಗೆ ಮುಗಿಯುತ್ತದೆ.

ಮೊದಲ ಪಾಠಕ್ಕೆ ‘ಅ’ದಿಂದಲೇ ಶುರುಮಾಡಬೇಕೆಂಬ ನಿಯಮವೇನಿಲ್ಲ. ‘ಅಮ್ಮ’ ಎಂದು ಬರೆಸಿ. ಸ್ವರ, ವ್ಯಂಜನ, ಒತ್ತಕ್ಷರ ಮೂರೂ ಅದರಲ್ಲಿವೆ. ಈ ಲೇಖನವನ್ನು ಇಂದು ಓದಿಸಿಕೊಂಡು ಕೇಳಿದ ಗೆಳೆಯರು ಮುಂದಿನ ವರ್ಷದ ಸಂಚಿಕೆಯನ್ನು ತಾವೇ ಓದುವಂತಾಗಲಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಮಗೆ ಗೊತ್ತೇ ಇದೆ. ಇಲ್ಲಿ ಕೈಗೆ ಹತ್ತುವುದು ಕೆಸರಲ್ಲ, ನಾಲ್ಕಾರು ಬಣ್ಣದ ಶಾಯಿ ಮಾತ್ರ!