ಖಾಲಿ ಜಾಗ ಅಂತ ಯಾರು ಹೇಳಿದ್ದು?

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿನ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರು, ಸ್ವಚ್ಛತೆ, ಸುರಕ್ಷತೆ ಎಲ್ಲಾ ಸೇರಿ 33 ಮಾನದಂಡ. ಹೆಮ್ಮೆಪಡೋ ವಿಷಯವೇ, ಬಿಡಿ.

ಆದರೆ ಅದೇ ಊರಿನ ಟೊಂಕಕ್ಕೂ ಒಮ್ಮೆ ಹೋಗಿಬನ್ನಿ. ನದಿ ಸಮುದ್ರ ಸೇರುವ ಅಳಿವೆಯ ಪಕ್ಕದ ಜಾಗ ಅದು. ಅಲ್ಲಿ ಹೆಂಗಸರು ಮರಳಿನ ಮೇಲೆ ತಾರ್ಲೆ, ಬಂಗಡೆ ಹರಡಿ ಒಣಗಿಸುತ್ತಾರೆ. ಜೂನ್, ಜುಲೈನಲ್ಲಿ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಮನೆ ನಡೆಸೋದು ಈ ಒಣಮೀನಿನ ದುಡ್ಡು. ಈ ಟೊಂಕದಲ್ಲೇ ಖಾಸಗಿ ಬಂದರು ಬರಬೇಕು ಅನ್ನುವುದು ಯೋಜನೆ. ಮೀನುಗಾರರು ವರ್ಷಗಳಿಂದ ಅದನ್ನು ವಿರೋಧಿಸುತ್ತಿದ್ದಾರೆ.

ಹೊನ್ನಾವರಕ್ಕೆ ಬಂದರು ಹೊಸತೇನಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಾಗ ಇಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳಿದ್ದವು ಅಂತ ಬರೆದಿದ್ದಾನೆ. ಘಟ್ಟದ ಕಾಳುಮೆಣಸು ಹುಡುಕಿಕೊಂಡು ಪೋರ್ಚುಗೀಸರೂ ಬಂದರು, ಕೋಟೆ ಕಟ್ಟಿದರು, ಹೋದರು. ದಡದಲ್ಲಿ ಉಳಿದವರು ಮೀನುಗಾರರು.

ಹಾಗಾದರೆ ಈಗ ಯಾಕೆ ಭಯ? ಕಾರಣ ಸರಳ. ಮೀನು ಒಣಗಿಸುವ ಮರಳಿಗೆ ಪಹಣಿ ಇಲ್ಲ. ದಾಖಲೆಯಲ್ಲಿ ಅದು ಸರ್ಕಾರಿ ಜಾಗ, ನಕ್ಷೆಯಲ್ಲಿ ಖಾಲಿ ಜಾಗ. ಮನೆ ಹೋದರೆ ಪರಿಹಾರ ಲೆಕ್ಕ ಹಾಕಬಹುದು. ಒಣಗಿಸುವ ಜಾಗ ಹೋದರೆ ಯಾವ ಲೆಕ್ಕ?

ಬಂದರು ಬರದ ಕಡೆಯೂ ಈ ಪ್ರಶ್ನೆ ತಪ್ಪಿದ್ದಲ್ಲ. ಕುಮಟಾ ತಾಲೂಕಿನ ಗೋಕರ್ಣ ನೋಡಿ. ಕುಡ್ಲೆ, ಓಂ ಬೀಚ್‌ಗಳಿಗೆ ಮೊದಲು ಬೆನ್ನಿಗೆ ಚೀಲ ಹಾಕಿಕೊಂಡ ವಿದೇಶಿಯರು ಬಂದರು, ಆಮೇಲೆ ವಾರಾಂತ್ಯದ ಬೆಂಗಳೂರಿಗರು, ಜೊತೆಗೆ ರೆಸಾರ್ಟ್‌ಗಳು. ಜಾಗ ಇದ್ದವನಿಗೆ ಬಾಡಿಗೆ ಬಂತು. ಪತ್ರ ಇಲ್ಲದೆ ದಡ ಬಳಸಿಕೊಂಡು ಬಂದವನಿಗೆ? ಅವನು ಕೇಳುವುದಕ್ಕೂ ಕೈಯಲ್ಲಿ ಕಾಗದ ಇಲ್ಲ.

ಕಾನೂನಿನಲ್ಲಿ ದಾರಿ ಇದೆ, ವೀಕ್ಷಕರೇ. ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್‌ನ 2011 ಮತ್ತು 2019ರ ಎರಡೂ ಅಧಿಸೂಚನೆಗಳು ಒಂದು ಮಾತು ಹೇಳುತ್ತವೆ: ಮೀನುಗಾರರ ಊರು, ಅವರ ಸಾಮೂಹಿಕ ಜಾಗ, ಮೀನು ಒಣಗಿಸುವ ಜಾಗ, ಇವೆಲ್ಲವನ್ನೂ ನಕ್ಷೆಯಲ್ಲಿ ಗುರುತಿಸಬೇಕು. ನಿರ್ಮಾಣ ನಿಷೇಧ ಇರುವ ಪಟ್ಟಿಯಲ್ಲೂ ಒಣಗಿಸುವ ಅಂಗಳಕ್ಕೆ ಅವಕಾಶ ಇದೆ. ಅದೇ ಪಟ್ಟಿಯಲ್ಲಿ ಪ್ರವಾಸಿಗರ ತಾತ್ಕಾಲಿಕ ಶೆಡ್‌ಗಳಿಗೂ 2019ರ ಅಧಿಸೂಚನೆ ಬಾಗಿಲು ತೆರೆದಿದೆ. ಇಬ್ಬರಿಗೂ ಬೇಕಾಗಿರೋದು ಅದೇ ಮರಳು. ನಕ್ಷೆಯಲ್ಲಿ ಯಾರ ಗುರುತು ಇಲ್ಲವೋ ಅವರೇ ಜಾಗ ಬಿಡಬೇಕಾಗುತ್ತದೆ.

ಭಟ್ಕಳದಿಂದ ಕುಮಟಾವರೆಗೆ ಕಡಲ ದಡದಲ್ಲಿರುವವರು ಇಷ್ಟು ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ನಕ್ಷೆ ತರಿಸಿ ನೋಡಿ, ನಿಮ್ಮ ಮೀನು ಒಣಗುವ ಜಾಗ ಅದರಲ್ಲಿದೆಯಾ ಅಂತ ಕೇಳಿ. ಇಲ್ಲ ಅಂದರೆ, ಯಾಕಿಲ್ಲ ಅಂತ ಬರವಣಿಗೆಯಲ್ಲೇ ಕೇಳಿ.