ಬಾಣಂತಿ ರಜೆ: ಯಜಮಾನರು ತಿಳಿದಿರಬೇಕಾದದ್ದು

ಕೊಳತ್ತೂರಿನಲ್ಲಿ ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ಕೂಸನ್ನೆತ್ತಿಕೊಂಡು ದೀಕ್ಷಾಸ್ನಾನದ ದಿನ ಕೇಳಲು ಬಂದಳು. ಮಗುವಿಗೆ ಮೂವತ್ತೈದು ದಿನ. "ಇಷ್ಟು ಅವಸರ ಯಾಕಮ್ಮಾ?" ಎಂದೆವು. "ನಾಳೆಯಿಂದ ಅಂಗಡಿಗೆ ಹೋಗಬೇಕು ಸ್ವಾಮಿ. ಇಲ್ಲದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರಂತೆ" ಎಂದಳು.

ಅದೊಂದು ಜವಳಿ ಅಂಗಡಿ. ಹದಿನಾಲ್ಕು ಜನ ಕೆಲಸದವರು. ಯಜಮಾನರು ಕೆಟ್ಟವರೇನಲ್ಲ, ಹೆರಿಗೆಯಾದಾಗ ಹಣ್ಣು ಮತ್ತು ಎರಡು ಸಾವಿರ ರೂಪಾಯಿ ಕಳಿಸಿದ್ದರಂತೆ. ಆದರೆ ಕಾನೂನು ಅವರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಹೆರಿಗೆಯಾದ ಆರು ವಾರಗಳೊಳಗೆ ತಾಯಿಯಿಂದ ಕೆಲಸ ಮಾಡಿಸುವುದೇ ಅಪರಾಧ. ಅವಳೇ ಒಪ್ಪಿ ಬಂದರೂ ಅಪರಾಧವೇ.

ನಮ್ಮ ದೇಶದಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. ಆಗ ಸಂಬಳ ಸಹಿತ ರಜೆ 12 ವಾರ. 2017ರಲ್ಲಿ ಮೊದಲ ಎರಡು ಮಕ್ಕಳಿಗೆ ಅದು 26 ವಾರವಾಯಿತು. ಮೂರನೆಯ ಮಗುವಿಗೆ 12 ವಾರವೇ ಉಳಿಯಿತು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾಗಿದೆ, ವಾರಗಳ ಲೆಕ್ಕ ಬದಲಾಗಿಲ್ಲ. ಹತ್ತು ಜನ ದುಡಿಯುವ ಅಂಗಡಿ, ಸಂಸ್ಥೆಗಳಿಗೆಲ್ಲ ಇದು ಅನ್ವಯ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಐವತ್ತು ಜನರಿರುವಲ್ಲಿ ಶಿಶುವಿಹಾರವೂ ಇರಬೇಕು.

"ಕೆಲಸವಿಲ್ಲದೆ ಆರು ತಿಂಗಳ ಸಂಬಳ ಎಲ್ಲಿಂದ ತರಲಿ ಸ್ವಾಮಿ?" ಎಂದು ಸಣ್ಣ ವ್ಯಾಪಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಇ.ಎಸ್.ಐ. ನಿಗದಿತ ಮಿತಿಯೊಳಗೆ ಸಂಬಳವಿರುವವರನ್ನು ಅದರಲ್ಲಿ ನೋಂದಾಯಿಸಿ ತಿಂಗಳು ತಿಂಗಳು ವಂತಿಗೆ ಕಟ್ಟುತ್ತ ಬಂದರೆ, ಬಾಣಂತಿಯ 26 ವಾರಗಳ ಹಣವನ್ನು ಆ ನಿಗಮವೇ ಕೊಡುತ್ತದೆ. ಭಾರ ಬೀಳುವುದು ನೋಂದಣಿ ಮಾಡಿಸದೆ ಉಳಿದ ಯಜಮಾನನ ಮೇಲೆ. ಹೆಣ್ಣುಮಕ್ಕಳನ್ನು ಕೆಲಸಕ್ಕೇ ಸೇರಿಸಿಕೊಳ್ಳದಿದ್ದರಾಯಿತು ಎಂಬ ಉಪಾಯವನ್ನೂ ಕೆಲವರ ಬಾಯಲ್ಲಿ ಕೇಳಿದ್ದೇವೆ. ಅಂಥವರಿಗೂ ಹೆಣ್ಣುಮಕ್ಕಳಿದ್ದಾರೆ.

ಸರ್ಕಾರಿ ಕೆಲಸದಲ್ಲಿದ್ದರೆ ಚಿಂತೆಯಿಲ್ಲ ಎಂದುಕೊಳ್ಳುತ್ತೇವೆ. ತಮಿಳುನಾಡು ಸರ್ಕಾರ ತನ್ನ ನೌಕರರಿಗೆ 2021ರಿಂದ ಹನ್ನೆರಡು ತಿಂಗಳ ಹೆರಿಗೆ ರಜೆ ಕೊಡುತ್ತಿರುವುದು ನಿಜ. ಆದರೆ ಅದೇ ವರ್ಷ ಪಕ್ಕದ ಧರ್ಮಪುರಿ ಜಿಲ್ಲೆಯ ಸರ್ಕಾರಿ ಶಾಲೆಯ ಇಂಗ್ಲಿಷ್ ಶಿಕ್ಷಕಿಯೊಬ್ಬರ ಅರ್ಜಿ ತಿರಸ್ಕೃತವಾಯಿತು. ಮೊದಲ ಮದುವೆಯಲ್ಲಿ ಅವರಿಗೆ ಎರಡು ಮಕ್ಕಳು. ಕೆಲಸಕ್ಕೆ ಸೇರುವ ಮುಂಚೆಯೇ ಹುಟ್ಟಿದವರು, ತಂದೆಯ ಬಳಿ ಬೆಳೆಯುತ್ತಿದ್ದರು. ವಿಚ್ಛೇದನದ ನಂತರ ಮರುಮದುವೆಯಾಗಿ ಈಗ ಗರ್ಭಿಣಿ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದರೆ ರಜೆಯಿಲ್ಲ ಎಂದಿತು ಇಲಾಖೆ. ಉಚ್ಚ ನ್ಯಾಯಾಲಯದಲ್ಲಿ ಒಮ್ಮೆ ಗೆದ್ದು, ಮೇಲ್ಮನವಿಯಲ್ಲಿ ಸೋತರು. ಕೊನೆಗೆ 2025ರ ಮೇ 23ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್ ಓಕ ಮತ್ತು ಉಜ್ಜಲ್ ಭುಯಾನ್ ರಜೆ ಕೊಡಲೇಬೇಕೆಂದರು. ತಾಯಿಯಾದವಳ ಘನತೆ, ಆರೋಗ್ಯ ಎಲ್ಲವೂ ಜೀವಿಸುವ ಹಕ್ಕಿಗೇ ಸೇರಿದ್ದು ಎಂಬುದು ತೀರ್ಪಿನ ತಿರುಳು. ಅಷ್ಟರಲ್ಲಿ ಸುಮಾರು ನಾಲ್ಕು ವರ್ಷ ಕಳೆದಿತ್ತು. ವಿವಾಹದ ಕುರಿತು ಧರ್ಮಸಭೆಯ ಬೋಧನೆ ನಮಗೆಲ್ಲ ತಿಳಿದದ್ದೇ. ಆದರೆ ತೊಟ್ಟಿಲಲ್ಲಿರುವ ಕೂಸಿಗೆ ಅದು ಎಷ್ಟನೆಯ ಮಗು, ಯಾವ ಮದುವೆಯ ಮಗು ಎಂಬ ಲೆಕ್ಕ ಯಾಕೆ?

ಕಾನೂನನ್ನು ಬೋಧಿಸುವ ಮುನ್ನ ನಮ್ಮ ತಪ್ಪನ್ನೂ ಹೇಳಬೇಕು. ಕೆಲ ವರ್ಷಗಳ ಹಿಂದೆ ನಾವು ಕರೆಸ್ಪಾಂಡೆಂಟ್ ಆಗಿದ್ದ ಶಾಲೆಯಲ್ಲಿ ಬಸುರಿ ಟೀಚರಮ್ಮನಿಂದ ರಾಜೀನಾಮೆ ಬರೆಸಿಕೊಂಡು, ಜೂನ್‌ನಲ್ಲಿ ಹೊಸಬರಂತೆ ಸೇರಿಸಿಕೊಳ್ಳುವ ಪದ್ಧತಿಯಿತ್ತು. ಹಿಂದಿನಿಂದ ಬಂದದ್ದು ಎಂದು ನಾವೂ ಸಹಿ ಹಾಕಿದೆವು. ಆ ಟೀಚರ್ ಆರು ವರ್ಷದ ಸೇವೆ ಕಳೆದುಕೊಂಡರು. ಒಂದು ಮಾತೂ ಆಡಲಿಲ್ಲ. ಮಗುವಿನ ದೀಕ್ಷಾಸ್ನಾನಕ್ಕೆ ನಮ್ಮನ್ನೇ ಕರೆದರು. ಸೆಮಿನರಿಯಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು 1981ರಲ್ಲಿ ಶ್ರಮದ ಬಗ್ಗೆ ಬರೆದ ಪರಿಪತ್ರವನ್ನು ಓದಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರು ನಾವು! ತಾಯ್ತನಕ್ಕಾಗಿ ಹೆಣ್ಣು ನಷ್ಟ ಅನುಭವಿಸಬಾರದೆಂದು ಅದರಲ್ಲಿದೆ.

ಇನ್ನು ತಂದೆಯರ ಮಾತು. ಖಾಸಗಿ ಕೆಲಸದ ತಂದೆಗೆ ನಮ್ಮ ದೇಶದ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ವ್ಯಾಟಿಕನ್ನಿನಲ್ಲಿ ಜಗದ್ಗುರು ಹದಿನಾಲ್ಕನೇ ಲಿಯೋ 2025ರಲ್ಲಿ ಅಲ್ಲಿನ ನೌಕರರಿಗೆ ಮಗು ಹುಟ್ಟಿದಾಗ ಐದು ದಿನ ಸಂಬಳದ ರಜೆಯನ್ನೂ, ಅಂಗವಿಕಲ ಮಕ್ಕಳ ಪೋಷಕರಿಗೆ ತಿಂಗಳಿಗೆ ಮೂರು ದಿನವನ್ನೂ ಮಂಜೂರು ಮಾಡಿದರು. ನಮ್ಮ ಶಾಲೆ, ಆಸ್ಪತ್ರೆಗಳು ಇದನ್ನಾದರೂ ನೋಡಿ ಕಲಿಯಬಹುದು.

ಹೊಲಗೆಲಸ, ಮನೆಗೆಲಸ ಮಾಡುವ ತಾಯಂದಿರಿಗೆ ಯಜಮಾನರಿಂದ ಏನೂ ಸಿಗದು. ಅವರು ಗರ್ಭಿಣಿಯಾದ ಕೂಡಲೇ ಗ್ರಾಮದ ನರ್ಸಮ್ಮನ ಬಳಿ ಹೆಸರು ಬರೆಸಿ, ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ಸಹಾಯ ಯೋಜನೆಯ ಬಗ್ಗೆ ಕೇಳಲಿ. ತಡಮಾಡಿದಷ್ಟೂ ಕಂತು ತಪ್ಪುತ್ತದೆ.

ಜವಳಿ ಅಂಗಡಿಗೆ ಮರುದಿನ ನಾವೇ ಹೋದೆವು. ಯಜಮಾನರು ಕಾಫಿ ತರಿಸಿ, ಪೂರ್ತಿ ಕೇಳಿಸಿಕೊಂಡರು. ಇ.ಎಸ್.ಐ. ನೋಂದಣಿಗೆ ಲೆಕ್ಕಿಗರೊಂದಿಗೆ ಮಾತಾಡುವುದಾಗಿ ಹೇಳಿದರು. ಆ ತಾಯಿಗೆ ಮೂರು ತಿಂಗಳ ಸಂಬಳಕ್ಕೆ ಒಪ್ಪಿದ್ದಾರೆ. ಇದು ಕಾನೂನಿನ ಅರ್ಧ. ಉಳಿದರ್ಧ ಕೇಳಲು ಬರುವ ತಿಂಗಳು ಮತ್ತೆ ಹೋಗಲಿದ್ದೇವೆ.